ಆವುಲಪ್ಪನ ಎರಡು ಗುಡ್ಡೆ

ಶಿಡ್ಲಘಟ್ಟದಲ್ಲಿ ಆವುಲಪ್ಪನನ್ನು ಕಣ್ಣಿಗಿಂತ ಮೊದಲು ಮೂಗು ಗುರುತು ಹಿಡಿಯುತ್ತಿತ್ತು. ಫಿಲೇಚರುಗಳಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗೊಂದು ಸತ್ತ ಹುಳು ಉಳಿಯುತ್ತದಲ್ಲ, ಪ್ಯೂಪ ಅನ್ನುತ್ತಾರೆ, ಅದನ್ನು ಗೋಣಿಯಲ್ಲಿ ತುಂಬಿ ತಂದು ಸಾದಲಿ ದಾರಿಯ ಬಂಡೆಯ ಮೇಲೆ ಒಣಗಿಸುವುದು ಅವನ ಕಸುಬು. ಸೈಕಲ್ಲು ತುಳಿಯುತ್ತಿದ್ದ ಕಾಲದಿಂದ ಟೆಂಪೋ ಕೊಂಡ ಕಾಲದವರೆಗೆ ಅದನ್ನೇ ಮಾಡಿಕೊಂಡು ಬಂದಿದ್ದ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ. ಅದು ತನ್ನ ಘನತೆಗೆ ಜನ ಕೊಡುವ ಮರ್ಯಾದೆ ಎಂದೇ ಅವನು ತಿಳಿದಿದ್ದ.

ಒಣಗಿದ ಹುಳು ನೆಲ್ಲೂರಿನ ಒಂದು ಮೇವಿನ ಗಿರಣಿಗೆ ಹೋಗಿ, ಪುಡಿಯಾಗಿ, ಕೆರೆಯಲ್ಲಿ ಸಾಕುವ ಸೀಗಡಿಗೆ ಆಹಾರವಾಗುತ್ತಿತ್ತು. ಸೀಗಡಿ ಬೆಳೆದು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಆವುಲಪ್ಪ ನಡುವಿನ ಮೆಟ್ಟಿಲುಗಳನ್ನೆಲ್ಲ ಹಾರಿ, ನಮ್ಮ ಮಾಲು ಫಾರಿನ್‌ಗೆ ಹೋಗ್ತದೆ ಎನ್ನುತ್ತಿದ್ದ. ಹೋಗೋದು ಸೀಗಡಿ ಕಣಪ್ಪ ಎಂದು ಟೀ ಅಂಗಡಿಯ ಗಂಗುಲಪ್ಪ ತಿದ್ದಿದರೆ, ಆ ಸೀಗಡಿ ಮೈ ಬಂದಿದ್ದು ಯಾರ ಮಾಲು ತಿಂದು ಎಂದು ಮೀಸೆ ತಿರುವುತ್ತಿದ್ದ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಆ ಸೀಗಡಿ ವಾಪಸ್ ಬಂತು.

ಸುದ್ದಿ ತಂದವನು ಗಿರಣಿಯ ಲಾರಿ ಡ್ರೈವರ್ ಚೆನ್ನರಾಯಪ್ಪ. ಯುರೋಪಿನ ಬಂದರಿನಲ್ಲಿ ಕಸ್ಟಮ್ಸಿನವರು ಕಂಟೇನರ್ ತಡೆದು, ನಾಲ್ಕು ಸೀಗಡಿ ತೆಗೆದು ಪರೀಕ್ಷೆ ಮಾಡಿಸಿದರಂತೆ. ಯಾವುದೋ ಔಷಧಿಯ ಸುಳಿವು ಸಿಕ್ಕಿತಂತೆ. ಇಡೀ ಕಂಟೇನರ್ ಬಂದ ದಾರಿಗೆ ಸುಂಕವಿಲ್ಲದಂತೆ ತಿರುಗಿಬಂತು. ಈಗ ಸೀಗಡಿ ಸಾಕುವವನು ಮೇವಿನವನನ್ನು ಕೇಳುತ್ತಾನೆ, ಮೇವಿನವನು ಹುಳುವಿನವನನ್ನು ಕೇಳುತ್ತಾನೆ. ಗಿರಣಿಯಿಂದ ಮೇಡಂ ಒಬ್ಬರು ಬಂದು ಮಾಲಿನ ಸ್ಯಾಂಪಲ್ ಒಯ್ಯುತ್ತಾರೆ. ಅದರಲ್ಲೇನಾದರೂ ಸಿಕ್ಕರೆ ಆ ಮನುಷ್ಯನಿಂದ ಮತ್ತೆ ಒಂದು ಹಿಡಿ ಹುಳುವೂ ಕೊಳ್ಳುವುದಿಲ್ಲ. "ಎಲ್ಲಾ ಕ್ಲೀನಾಗಿಟ್ಕೊಳಣ್ಣ" ಎಂದು ಚೆನ್ನರಾಯಪ್ಪ ಗೇರು ಹಾಕಿದ.

ಆವುಲಪ್ಪನಿಗೆ ನಿದ್ದೆ ಹಾರಿತು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆ ಬಂಡೆಯ ಮೇಲೆ ಬೇರೇನೂ ಬೆಳೆಯುತ್ತಿರಲಿಲ್ಲ.

ರೇಷ್ಮೆ ಸೀಮೆಯಲ್ಲಿ ಕ್ಲೀನು ಎಂದರೆ ಒಂದೇ ಅರ್ಥ. ಹುಳು ಮೇಯಿಸುವ ಮನೆಗೆ ಸುಣ್ಣ ಬಳಿಯಬೇಕು, ಬ್ಲೀಚಿಂಗ್ ಪೌಡರ್ ಚೆಲ್ಲಬೇಕು. ಹುಳುವಿಗೆ ಸಪ್ಪೆ ರೋಗ ತಗಲಿದರೆ ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಕ್ಯಾಪ್ಸೂಲ್ ತಂದು, ಬಿಚ್ಚಿ, ನೀರಿಗೆ ಕದಡಿ, ಸೊಪ್ಪಿಗೆ ಚಿಮುಕಿಸಬೇಕು. ಮೇಡಂ ಬರುವ ದಿನ ಬೆಳಿಗ್ಗೆ ಆವುಲಪ್ಪ ಸುತ್ತಲಿನ ಕಲ್ಲಿಗೆಲ್ಲ ಸುಣ್ಣ ಬಳಿದು, ಬಿಳೀ ಅಂಗಿ ತೊಟ್ಟು, ಒಳ್ಳೇ ಮಾಲನ್ನೆಲ್ಲ ಮುಂದೆ ಗುಡ್ಡೆ ಹಾಕಿ, ಅದರ ಮೇಲೆ ಕ್ಯಾಪ್ಸೂಲಿನ ನೀರನ್ನು ಪೊರಕೆಯಿಂದ ತೀರ್ಥದಂತೆ ಪ್ರೋಕ್ಷಿಸಿದ. ಹೆಂಡತಿ ಆದಿಲಕ್ಷ್ಮಮ್ಮ ನಿಂತು ನೋಡಿದಳು.

"ಸತ್ತ ಹುಳೂಗೆ ಇನ್ಯಾವ ರೋಗ ಬರ್ತದೆ?"

"ಎಕ್ಸ್‌ಪೋರ್ಟ್ ವಿಷ್ಯ ಕಣೇ, ನಿಂಗೆ ಗೊತ್ತಾಗಲ್ಲ ಸುಮ್ನಿರು."

ಮೇಡಂ ಜೀಪಿನಿಂದ ಇಳಿದರು. ಹೆಸರು ಶಿರೀಷಾ, ಅವನ ಮಗಳ ವಯಸ್ಸು, ಮಾತೆಲ್ಲ ತೆಲುಗು. ಅದು ಅವನ ಮನೆಮಾತೂ ಆದ್ದರಿಂದ, "ರಾಂಡಮ್ಮಾ, ರಾಂಡಿ" ಎಂದು ಬರಮಾಡಿಕೊಂಡು ಕೈಮುಗಿದ. ಮೇಡಂ ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ಅವನ ಎದೆ ಉಬ್ಬಿತು. ಫಾರಿನ್ ಆಫೀಸರು ಬರ್ತಾರೆ ಎಂದು ಅವನೇ ಸಾರಿದ್ದರಿಂದ ಗಂಗುಲಪ್ಪ ಅಂಗಡಿ ಬಿಟ್ಟು ಬಂದು ಬೇವಿನ ಮರದಡಿ ನಿಂತಿದ್ದ.

ಶಿರೀಷಾ ಕೈಗವಸು ತೊಡುತ್ತಾ, ಏನು ಹುಡುಕುತ್ತಿದ್ದೇವೆಂದು ಹೇಳಿದಳು. ಕೊಳೆಯಲ್ಲ, ವಾಸನೆಯಲ್ಲ. ಒಂದು ಔಷಧಿ, ಕ್ಲೋರಾಂಫೆನಿಕಾಲ್. ಸೀಗಡಿಯಲ್ಲಿ ಅದು ಇರಲೇಬಾರದು, ಕೆರೆಗೆ ಒಂದು ಚಿಟಿಕೆ ಬಿದ್ದ ಹಾಗಿದ್ದರೂ ಯುರೋಪಿನ ಯಂತ್ರ ಹಿಡಿದುಬಿಡುತ್ತದೆ.

ಆವುಲಪ್ಪನ ಅಂಗಿಯ ಜೇಬಿನಲ್ಲಿ ಕ್ಯಾಪ್ಸೂಲಿನ ಖಾಲಿ ಪಟ್ಟಿ ಇತ್ತು. ಅದರ ಮೇಲಿದ್ದ ಹೆಸರನ್ನು ಅಂಗಡಿಯಲ್ಲಿ ಅವನು ಅಕ್ಷರ ಅಕ್ಷರ ಕೂಡಿಸಿ ಓದಿ, ಸರಿಯಾದದ್ದೇ ಕೊಟ್ಟಿದ್ದಾರೆಂದು ಖಾತ್ರಿ ಮಾಡಿಕೊಂಡಿದ್ದ. ಅದೇ ಹೆಸರು. ಉಸಿರಾಡಿದರೆ ಸಾಕು, ಜೇಬು ಚರಚರ ಎನ್ನುತ್ತಿತ್ತು.

ಶಿರೀಷಾ ಮುಂದಿನ ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಅಮ್ಮಾ, ಹಿಂದುಗಡೆ ಇನ್ನೊಂದು ಗುಡ್ಡೆ ಐತೆ, ಅದನ್ನ ನೋಡಿ."

"ನೋಡ್ತೀನಿ. ಮೊದಲು ಇದು."

"ಇದು ಅಷ್ಟು ಚೆನ್ನಾಗಿಲ್ಲ."

ಆವುಲಪ್ಪ ತನ್ನ ಮಾಲನ್ನು ತಾನೇ ಹಳಿದದ್ದನ್ನು ಊರು ಕಂಡಿರಲಿಲ್ಲ. ಗಂಗುಲಪ್ಪ ಬೀಡಿ ಹಚ್ಚುವುದನ್ನು ಮರೆತ. ಶಿರೀಷಾ ತಲೆಯೆತ್ತಿ ಹಿಂದಿನ ಗುಡ್ಡೆ ನೋಡಿದಳು. ಅರೆಬರೆ ಒಣಗಿ ಕಪ್ಪಾಗಿತ್ತು, ಮೇಲೊಂದು ನಾಯಿ ಮಲಗಿತ್ತು. ಯಾವ ವ್ಯಾಪಾರಿ ಇಂಥದ್ದನ್ನು ಮುಂದೊಡ್ಡುತ್ತಾನೆ? ಅವಳ ಕಣ್ಣು ಕಿರಿದಾಯಿತು. ಕೈಯಲ್ಲಿದ್ದ ಸೌಟನ್ನು ಮುಂದಿನ ಗುಡ್ಡೆಗೆ ಇನ್ನೂ ಆಳವಾಗಿ ತೂರಿಸಿದಳು. ಸ್ಯಾಂಪಲ್ ಚೀಲ ತುಂಬಿತು. ಬಾಯಿ ಮಡಚಿ ಮೇಣದ ಬತ್ತಿ ಹಚ್ಚಿದಳು, ಅರಗು ಹಾಕಲು.

ಆವುಲಪ್ಪ ಅರಗು ಕರಗುವುದನ್ನೇ ನೋಡುತ್ತಿದ್ದ. ಮುದ್ರೆ ಬಿದ್ದರೆ ಮುಗಿಯಿತು. ಬಾಯಿ ಬಿಟ್ಟರೂ ಮುಗಿಯಬಹುದು, ಅದೂ ಗಂಗುಲಪ್ಪನ ಎದುರಿಗೆ. ಆದಿಲಕ್ಷ್ಮಮ್ಮ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. ಅವಳೇ ಹೇಳಿಬಿಟ್ಟರೆ ವಾಸಿ ಎನಿಸಿತು.

"ಅದಕ್ಕೆ ನಾನೇ ಹಾಕಿದ್ದೀನಮ್ಮ" ಎಂದ ಆವುಲಪ್ಪ. ಜೇಬಿನ ಪಟ್ಟಿ ತೆಗೆದು ಬಂಡೆಯ ಮೇಲಿಟ್ಟ. "ಇವತ್ತು ಬೆಳಿಗ್ಗೆ. ನೀವು ಬರ್ತೀರಂತ."

ಶಿರೀಷಾ ಪಟ್ಟಿ ಓದಿದಳು. ಬತ್ತಿ ಆರಿಸಿದಳು. ಅವಳು ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಆವುಲಪ್ಪಗಾರೂ, ಹಿಂದಿನ ಗುಡ್ಡೆಗೆ?"

"ನಾನು ಹಾಕಿಲ್ಲ. ಹುಳು ಮೇಯಿಸಿದೋರು ಹಾಕಿದ್ರೆ ನಂಗೆ ಗೊತ್ತಿಲ್ಲ. ಸಪ್ಪೆ ರೋಗ ಬಂದ್ರೆ ಹಾಕ್ತಾರೆ. ಯಾರ ಮನೆ ಗೂಡು ಯಾವ ಫಿಲೇಚರ್‌ಗೆ ಬರ್ತದೋ ಹೇಳಕ್ಕಾಗಲ್ಲ."

ಅಷ್ಟನ್ನೂ ಅವಳು ಬರೆದುಕೊಂಡಳು. ಮುಂದಿನ ಗುಡ್ಡೆಯ ಒಂದು ಹುಳುವೂ ನೆಲ್ಲೂರಿಗೆ ಬರಬಾರದು, ತನ್ನ ಕಣ್ಣೆದುರೇ ಹೂಳಬೇಕು ಎಂದಳು. ನಾಯಿಯನ್ನೆಬ್ಬಿಸಿ ಹಿಂದಿನ ಗುಡ್ಡೆಯಿಂದ ಸ್ಯಾಂಪಲ್ ತೆಗೆದಳು. ಪಾಸಾದರೆ ಲಾರಿ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ, ಬೇರೆ ಸಮಾಚಾರ ಕಳಿಸುವುದಿಲ್ಲ ಎಂದಳು. ಬಿಳೀ ಅಂಗಿಯ ಎಕ್ಸ್‌ಪೋರ್ಟರು ಬಂಡೆಯ ಪಕ್ಕದ ಮಣ್ಣಿನಲ್ಲಿ ಗುಂಡಿ ತೋಡಿದ. ಸ್ವಲ್ಪ ಹೊತ್ತು ನೋಡಿ ಗಂಗುಲಪ್ಪನೂ ಒಂದು ಸಲಿಕೆ ತಂದ.

ಲಾರಿಯ ವಾರ ಬಂತು, ಲಾರಿ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆವುಲಪ್ಪ ಫಿಲೇಚರುಗಳಿಗೆ ಹೋಗಲಿಲ್ಲ. ಟೀ ಅಂಗಡಿಯಲ್ಲಿ ಯಾವ ದೇಶದ ಮಾತನ್ನೂ ಆಡಲಿಲ್ಲ. ರಸ್ತೆಯಲ್ಲಿ ಗೇರು ಬದಲಾದ ಸದ್ದಾದರೆ ತಲೆ ಎತ್ತುತ್ತಿದ್ದ, ಟೊಮೇಟೊ ಲಾರಿ ದಾಟಿ ಹೋಗುತ್ತಿತ್ತು.

ಮತ್ತೊಂದು ವಾರ ಕಳೆದ ಮೇಲೆ, ಬಿಸಿಲೇರುವ ಹೊತ್ತಿಗೆ, ಚೆನ್ನರಾಯಪ್ಪ ಲಾರಿ ತಂದು ಬಂಡೆಯ ಪಕ್ಕ ನಿಲ್ಲಿಸಿದ. ಪಾಸಾಯ್ತಾ ಎಂದು ಆದಿಲಕ್ಷ್ಮಮ್ಮನೇ ಕೇಳಬೇಕಾಯಿತು. ಈ ಸಲ ಆಯಿತಂತೆ, ಇನ್ನು ಪ್ರತಿ ಲೋಡಿಗೂ ಪರೀಕ್ಷೆಯಂತೆ. ಆವುಲಪ್ಪ ಮೊದಲನೇ ಮೂಟೆಗೆ ಹೆಗಲು ಕೊಟ್ಟ.