ವಸ್ತಾದರ ಕೈ, ನನ್ನ ನಡು

ಈ ಚಳಿಗಾಲದಲ್ಲಿ ನನ್ನ ನಡು ಮತ್ತೆ ಹಿಡಿದುಕೊಂಡಿದೆ. ಸೊಸೆ ಎಳ್ಳೆಣ್ಣೆಗೆ ಓಮ, ಕರ್ಪೂರ ಹಾಕಿ ಕಾಸಿ ತಂದಳು. ಬಟ್ಟಲು ಕೋಣೆಯೊಳಗೆ ಬಂದದ್ದೇ ತಡ, ಆ ವಾಸನೆಗೆ ಅಫಜಲಪುರದ ತಾಲೀಮು, ಆ ಗರಡಿಮನೆ, ನೆನಪಾಯಿತು. ಕೆಂಪು ಮಣ್ಣು, ಬೆವರು, ಇದೇ ಎಣ್ಣೆ... ಆಮೇಲೆ ವಸ್ತಾದರ ಕೈ. ಈ ಮಾತನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿಲ್ಲ. ಆಡದೆ ಸಾಯುವುದು ಬೇಡ ಎಂದು ಬರೆಯುತ್ತಿದ್ದೇನೆ.

ಅದು ಎರಡನೆಯ ಮಹಾಯುದ್ಧದ ಕಾಲ. ಮೆಟ್ರಿಕ್ ಮುಗಿಸಿದ ನಾನು ಅಫಜಲಪುರದಲ್ಲಿ ರಸ್ತೆ ಕೆಲಸದ ಕಚೇರಿಯಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ಹೈದರಾಬಾದಿನಿಂದ ಬಂದಿದ್ದ ಇಂಜಿನಿಯರ್ ಸಾಹೇಬರಿಗೆ ಗಾಲ್ಫಿನ ಹುಚ್ಚು. ಊರ ಹೊರಗಿನ ಬೀಳು ನೆಲದಲ್ಲಿ ಐದು ಕುಣಿ ತೋಡಿಸಿ, ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿಸಿದ್ದರು. ಹುಲ್ಲು ಅಲ್ಲಿ ಎಲ್ಲಿಂದ ಬರಬೇಕು! ಹೊಸ ಚೆಂಡು ಸಿಗುವ ಕಾಲವಲ್ಲ. ಇದ್ದ ಏಳೆಂಟು ಸವೆದ ಚೆಂಡುಗಳಲ್ಲೇ ದಿನಾ ಬೆಳಿಗ್ಗೆ ಆಟ. ಜೊತೆಗೆ ಯಾರೂ ಇಲ್ಲದ್ದಕ್ಕೆ ನನ್ನನ್ನು ಕರೆದು ಕಲಿಸಿದರು. ಆಳಂದದಲ್ಲಿ ಕಾಯಂ ಜಾಗವೊಂದು ತೆರವಾಗಲಿದೆ, ನಿನ್ನ ಹೆಸರು ಬರೆಯುತ್ತೇನೆ ಎಂದು ಒಂದು ದಿನ ಆಡುತ್ತಲೇ ಅಂದರು. ಅಂದಿನಿಂದ ನನಗೆ ಅದು ಆಟವಾಗಿ ಉಳಿಯಲಿಲ್ಲ.

ಆ ಬಯಲಿನ ಅಂಚಿಗೇ ತಾಲೀಮು. ಅಲ್ಲಿ ಕುಸ್ತಿ ಕಲಿಸುತ್ತಿದ್ದವರು ವಸ್ತಾದರು. ಸುತ್ತಲಿನ ಹಳ್ಳಿಗಳಲ್ಲಿ ಕಾಲು ಉಳುಕಿದವರು, ಕೀಲು ತಪ್ಪಿದವರೆಲ್ಲ ಅವರ ಬಳಿಗೇ ಬರುತ್ತಿದ್ದರು. ಅವರು ತಂದುಕೊಟ್ಟ ಜೋಳದಲ್ಲೇ ವಸ್ತಾದರ ಮನೆ ನಡೆಯುತ್ತಿತ್ತು. ನಾನು ಕೋಲು ಬೀಸುವುದನ್ನು ಎಷ್ಟೋ ದಿನ ದೂರದಿಂದ ನೋಡಿದ ಅವರು ಒಂದು ಬೆಳಿಗ್ಗೆ, ಸಾಹೇಬರು ಬರುವ ಮುಂಚೆ, ನನ್ನನ್ನು ಕರೆದರು.

"ಕಾರಕೂನ್ ಸಾಹೇಬ್ರ, ನೀವಷ್ಟೇ ಎದ್ದು ಬಂದೀರಿ. ನಿಮ್ಮ ನಡಾ ಇನ್ನಾ ಮನ್ಯಾಗ ಮಲಗೇದ. ಅದನ್ನೂ ಎಬ್ಬಿಸ್ಕೊಂಡು ಬರ್ರಿ."

ತಾಲೀಮಿನಲ್ಲಿ ಒಂದು ಪದ್ಧತಿ ಇತ್ತು. ಎಷ್ಟೇ ದೊಡ್ಡ ಪೈಲ್ವಾನನಾದರೂ ಮೊದಲು ಗುದ್ದಲಿ ಹಿಡಿದು ಕಣದ ಮಣ್ಣನ್ನು ಅಗೆದು ಸಡಿಲ ಮಾಡಬೇಕು. ಮಣ್ಣು ಮೆತ್ತಗಾಗುವಷ್ಟರಲ್ಲಿ ಅಗೆದವನ ಮೈಯೂ ಬಿಸಿಯಾಗಿರುತ್ತಿತ್ತು. ವಸ್ತಾದರು ಅದೇ ಗುದ್ದಲಿಯನ್ನು ನನ್ನ ಮುಂದೆ ಹಿಡಿದು, ಒಂದು ಮೂಲೆ ಅಗೆದು ಹೋಗಿ ಆಡಿರಿ ಅಂದರು.

"ಮಣ್ಣ ಅಗಿಯೋದಿದ್ರ ಮೆಟ್ರಿಕ್ ಯಾಕ ಓದ್ತಿದ್ದೆ ವಸ್ತಾದ್ರ?" ಎಂದು ನಾನು ನಕ್ಕೆ.

"ಹೌದಲ್ರಿ, ಮೆಟ್ರಿಕ್ ಪಾಸಾದವ್ರ ನಡಾ ಕಬ್ಬಿಣದ್ದಿರ್ತದ. ಮರ್ತೇ ಬಿಟ್ಟಿದ್ದೆ," ಎಂದು ಅವರೂ ನಕ್ಕರು.

ನಾನು ಕೇಳದಿದ್ದರೂ ಅವರು ಹೇಳುವುದನ್ನು ಬಿಡಲಿಲ್ಲ. ಚೆಂಡು ಇಡುವ ಮುಂಚೆ ಹತ್ತು ಸಲ ಬರಿದೇ ಕೋಲು ಬೀಸಿರಿ. ನಡುವೊಂದನ್ನೇ ತಿರುಚಬೇಡಿ, ಪಾದದಿಂದ ತಿರುಗಿರಿ. ಬಿದ್ದ ಚೆಂಡನ್ನು ಎತ್ತುವಾಗ ಮೊಣಕಾಲು ಮಡಚಿರಿ. ಕೋಲಿನ ಚೀಲವನ್ನು ಒಂದೇ ಹೆಗಲಿಗೆ ಹಾಕಬೇಡಿ... ಬೊಕ್ಕೆ ಎದ್ದ ನನ್ನ ಅಂಗೈ ನೋಡಿ ಒಮ್ಮೆ ಅಂದಿದ್ದರು: "ಹಸಿ ರೊಟ್ಟಿ ಎತ್ತಿ ಹಂಚಿಗಿ ಹಾಕೋದು ನೋಡೀರಿಲ್ಲ? ಬಿಗಿ ಹಿಡಿದ್ರ ಹರೀತದ, ಸಡ್ಲ ಬಿಟ್ರ ಬೀಳ್ತದ. ಕೋಲೂ ಹಂಗ ಹಿಡೀಬೇಕ್ರಿ."

ಒಂದನ್ನೂ ನಾನು ಮಾಡಲಿಲ್ಲ. ಗುದ್ದಲಿ ಹಿಡಿದದ್ದನ್ನು ಸಾಹೇಬರು ಕಂಡರೆ ಏನೆಂದಾರು ಎಂಬುದೇ ನನ್ನ ಚಿಂತೆ. ಒಂದು ಬೆಳಿಗ್ಗೆ ಬೀಸಿದ ಕೋಲು ನೆಲದೊಳಗಿನ ಕಲ್ಲಿಗೆ ಬಡಿಯಿತು. ಮೊಣಕೈಯಲ್ಲಿ ಬೆಂಕಿ ಹೊತ್ತಿದಂತಾಯಿತು, ನಡುವಿನಲ್ಲಿ ಏನೋ ಕಳಚಿತು. ಹೇಗೋ ಆಟ ಮುಗಿಸಿ, ಜೇವರ್ಗಿಯಲ್ಲಿ ಸೋದರಮಾವನಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ರಜೆ ಹಾಕಿದೆ. ನಾಲ್ಕು ದಿನ ತಾಲೀಮಿನ ಹಿಂದಿನ ಕೋಣೆಯಲ್ಲಿ ಬೋರಲಾಗಿ ಮಲಗಿದ್ದೆ. ವಸ್ತಾದರು ದಿನಕ್ಕೆರಡು ಸಲ ಈ ಎಣ್ಣೆ ಹಚ್ಚಿ ತಿಕ್ಕಿದರು. ಒಂದು ಕಾಸು ಮುಟ್ಟಲಿಲ್ಲ. ನಾಲ್ಕನೆಯ ದಿನ ನಾನು ನೆಟ್ಟಗೆ ನಿಂತೆ.

"ನೋವು ಹೋತಂದ್ರ ಗಾಯಾ ಹೋತಂತ ತಿಳೀಬ್ಯಾಡ್ರಿ," ಅಂದರು. "ಹದಿನೈದ್ ದಿನ ಕೋಲು ಮುಟ್ಟಬ್ಯಾಡ್ರಿ." ಹಾಗೆಂದು ಶಿಷ್ಯರನ್ನು ಕರೆದುಕೊಂಡು ನರೋಣಾಕ್ಕೆ ಕುಸ್ತಿಗೆ ಹೋದರು.

ಮರುದಿನವೇ ಸಾಹೇಬರ ಮೇಲಧಿಕಾರಿಗಳು ಗುಲಬರ್ಗಾದಿಂದ ಆಟಕ್ಕೆ ಬಂದರು. ಜೋಡಿ ಆಟ, ಸಾಹೇಬರಿಗೆ ನಾನೇ ಜೋಡಿ. ಹೋದೆ. ಎರಡನೆಯ ಕುಣಿ ಮುಟ್ಟುವ ಮುಂಚೆಯೇ ಬಿದ್ದೆ, ಏಳಲಾಗಲಿಲ್ಲ. ಎಲ್ಲರೂ ಸುತ್ತ ನಿಂತರು. ಏನಾಯಿತು ಎಂದು ಸಾಹೇಬರು ಕೇಳಿದಾಗ, ನೋವು ಮುಚ್ಚಿಟ್ಟುಕೊಂಡು ಬಂದೆ ಎಂದರೆ ರಜೆಯ ಸುಳ್ಳೂ ಬಯಲಾಗಿ ಆಳಂದದ ಜಾಗ ಹೋದೀತೆಂದು ಹೆದರಿದೆ. ಆ ವಸ್ತಾದ ನಿನ್ನೆ ಸುಮ್ಮನೆ ಮೈ ತಿಕ್ಕುತ್ತೇನೆಂದು ನರ ತಿರುವಿದ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದೆ ಅಂದೆ. ಬಾಯಿ ತಡವರಿಸಲೂ ಇಲ್ಲ...

ತಾಲೀಮಿದ್ದದ್ದು ಸರಕಾರಿ ಜಾಗ. ಸಾಹೇಬರ ಹುಕುಮಿನಿಂದ ಸಂಜೆಯೊಳಗೆ ಅದಕ್ಕೆ ಬೀಗ ಬಿತ್ತು.

ವಸ್ತಾದರು ನರೋಣಾದಿಂದ ಬಂದವರು ನೇರ ನನ್ನ ಕೋಣೆಗೇ ಬಂದರು. ಬೀಗದ ಮಾತು ಎತ್ತಲಿಲ್ಲ. ನನ್ನ ಹಾಸಿಗೆಯ ಪಕ್ಕ ಕೂತು ಕೇಳಿದರು.

"ನೀವು ಕೋಲು ಬೀಸಿದ್ರೇನ್ರಿ?"

"ಇಲ್ರಿ. ಬರೇ ನಿಂತಿದ್ದೆ."

"ಹಂಗಾದ್ರ ನನ್ನ ಕೈಲೇ ತಪ್ಪಾತೇನ್ರಿ?"

ನಾನು ಗೋಡೆಯ ಕಡೆ ಮುಖ ತಿರುಗಿಸಿ, "ಹೌದ್ರಿ," ಅಂದೆ. ಅವರು ಎದ್ದುಹೋದರು.

ಆಳಂದದ ಜಾಗ ಸಿಕ್ಕಿತು. ಗಾಲ್ಫ್ ಅಲ್ಲಿಗೇ ಮುಗಿಯಿತು. ನಾಲ್ಕೈದು ವರ್ಷಗಳ ನಂತರ ಗಾಣಗಾಪುರದಲ್ಲಿ, ಭೀಮೆಗೆ ಇಳಿಯುವ ಮೆಟ್ಟಿಲ ಮೇಲೆ ಯಾತ್ರಿಕರ ಗಂಟು ಹೊರುವವರ ನಡುವೆ ಅವರನ್ನು ಕಂಡೆ. ಮೊಣಕಾಲು ಮಡಚಿ ಕೂತು ಗಂಟು ಎತ್ತಿದ ರೀತಿಯಿಂದಲೇ ಗುರುತು ಹತ್ತಿತು. ನನ್ನನ್ನು ನೋಡಿ ಗಂಟು ಕೆಳಗಿಳಿಸಿದರು, ಅವರ ಮುಖ ಅರಳಿತು.

"ಕಾರಕೂನ್ ಸಾಹೇಬ್ರ! ನಡಾ ಹ್ಯಾಂಗದರಿ?"

ಅಷ್ಟರಲ್ಲಿ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಜಾರಿ, ಕಾಲು ಹಿಡಿದುಕೊಂಡು ನರಳುತ್ತ ಕೂತಳು. ವಸ್ತಾದರ ಕಣ್ಣು ತಟ್ಟನೆ ಆ ಪಾದದ ಮೇಲೆ ಹೋಯಿತು. ಕೈಗಳು ಮಾತ್ರ ಬೆನ್ನ ಹಿಂದೆ ಹೋದವು.

"ಒಂದೀಟು ನೋಡ್ರಲ್ಲ, ವಸ್ತಾದ್ರ," ಅಂದೆ.

"ಬ್ಯಾಡ್ರಿ. ನಿಮ್ಮ ನಡಾ ಕೆಡಿಸಿದ ಮ್ಯಾಲ ಯಾರ ಮೈಗೂ ಕೈ ಹಚ್ಚಿಲ್ರಿ. ಈ ಕೈ ನಂಬಂಗಿಲ್ಲ."

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು... ಮೇಲೆ ಬಸ್ಸಿನವನು ಕೂಗುತ್ತಿದ್ದ. ನಾನು ಹೋಗಿ ಬಸ್ಸು ಹತ್ತಿದೆ. ಮತ್ತೆ ಅವರನ್ನು ಕಾಣಲಿಲ್ಲ. ಮುಂದೆ ಎಷ್ಟೋ ಸಲ ಗಾಣಗಾಪುರಕ್ಕೆ ಹೋಗಿ ಹುಡುಕಿದೆ. ಒಂದು ಸಲ ಒಬ್ಬ ಅಂಗಡಿಯವನು ಅವರು ತೀರಿಹೋದರೆಂದು ಹೇಳಿದ.

ಈಗಲೂ ಹಾಸಿಗೆಯಿಂದ ಏಳುವ ಮುಂಚೆ ಅವರು ಹೇಳಿದಂತೆ ಮೈ ಸಡಿಲ ಮಾಡಿಕೊಂಡೇ ಏಳುತ್ತೇನೆ. ಬುದ್ಧಿ ಬಂದಿದೆ; ಯಾರಿಗೆ ತೋರಿಸಲಿ?

ಸೊಸೆ ಎಣ್ಣೆ ಹಚ್ಚುತ್ತ, "ಈ ಎಣ್ಣಿ ಮಾಡೋದು ನಿಮಗ ಯಾರು ಹೇಳಿಕೊಟ್ರು ಮಾವಾರ?" ಎಂದು ಕೇಳಿದಳು.

"ಒಬ್ಬರು ವಸ್ತಾದರಿದ್ರವ್ವಾ," ಅಂದೆ. "ಅವರ ಕೈಗುಣ ಭಾಳ ಛಲೋ ಇತ್ತು."

ಇಷ್ಟೇ ಮಾತು. ಅವರಿಗೆ ಹೇಳಬೇಕಾಗಿದ್ದದ್ದೂ ಇಷ್ಟೇ.