ಚಪ್ಪರದ ದಿನದ ಟೇಪು

ಆ ಸಂಜೆ ಕರೆಂಟು ಹೋಗಿತ್ತೋ ಇಲ್ಲವೋ, ಹೋದ ತಿಂಗಳವರೆಗೂ ನನಗೆ ಆಣೆ ಇಟ್ಟು ಹೇಳಲಾಗುತ್ತಿರಲಿಲ್ಲ. ಹೋಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಆದರೆ ಒಂದು ಸಂಗತಿಯನ್ನು ಬಹಳ ಸಲ ಹೇಳಿದ ಮೇಲೆ, ನಮಗೆ ನೆನಪಿರುವುದು ನಡೆದದ್ದೋ ಅಥವಾ ನಾವೇ ಹೇಳಿದ್ದೋ ಗೊತ್ತಾಗುವುದಿಲ್ಲ. ನಿಮಗೂ ಹೀಗಾಗಿರಬಹುದು. ನಾನು ಮೈಸೂರಿನಲ್ಲಿ ಇತಿಹಾಸ ಓದಿದವನು. ಒಂದೇ ಸಾಕ್ಷಿಯನ್ನು ನಂಬಬೇಡ, ಆ ಸಾಕ್ಷಿ ನೀನೇ ಆಗಿದ್ದರಂತೂ ನಂಬಲೇಬೇಡ ಎಂದು ಅಲ್ಲಿ ಕಲಿಸಿದ್ದರು. ಆ ಪಾಠ ನನಗೆ ಕೆಲಸ ಕೊಡಿಸಲಿಲ್ಲ, ಅನುಮಾನವನ್ನು ಮಾತ್ರ ಕೊಡಿಸಿತು.

ಈಗ ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕ್ಯಾಮೆರಾ ಟೇಪಿದೆ. ಮೂಗಿನ ಹತ್ತಿರ ತಂದರೆ ಒಣಗಿದ ಬೇವಿನ ಸೊಪ್ಪಿನ ವಾಸನೆ. ಹೋದ ತಿಂಗಳು ಗುಂಡ್ಲುಪೇಟೆಯಿಂದ ತಂದದ್ದು. ಅದನ್ನು ಕೊಟ್ಟವರು ನಾಗರತ್ನತ್ತಿಗೆ.

ಅತ್ತಿಗೆ ನನ್ನ ದೊಡ್ಡಪ್ಪನ ಮಗ ಮಾದೇವಣ್ಣನ ಹೆಂಡತಿ. ಮಾದೇವಣ್ಣ ಮದುವೆಗಳ ವಿಡಿಯೊ ತೆಗೆಯುತ್ತಾನೆ. ಊರಿಗೆಲ್ಲ ಮೊದಲು ಎಚ್‌ಡಿ ಕ್ಯಾಮೆರಾ ತಂದವನು ತಾನೇ ಎಂದು ಅವನು ಹೇಳಿಕೊಳ್ಳುತ್ತಾನೆ. ಅದಕ್ಕೂ ನನ್ನ ಬಳಿ ಎರಡನೆಯ ಸಾಕ್ಷಿ ಇಲ್ಲ. ತೆಗೆಯುವುದು ಅವನ ಪಾಲು, ತೆಗೆದದ್ದನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಹಾಡು ಹಾಕಿ ಡಿವಿಡಿ ಮಾಡುವುದು ಅತ್ತಿಗೆಯ ಪಾಲು. ಹಾಡು ಎಂದರೆ ಸಿನಿಮಾ ಹಾಡು. ನಮ್ಮ ಕಡೆಯ ಮದುವೆ ಡಿವಿಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುತ್ತೈದೆಯರು ಸಾಲಾಗಿ ಕುಳಿತು ಬಾಯಿ ತೆರೆದು ಸೋಬಾನೆ ಹೇಳುತ್ತಿರುತ್ತಾರೆ, ಕೇಳುವುದು ಮಾತ್ರ ಯಾವುದೋ ನಾಯಕ ನಾಯಕಿಗೆ ಹಿಮದ ಬೆಟ್ಟದಲ್ಲಿ ಹೇಳಿದ ಪ್ರೇಮಗೀತೆ. ಮನೆಯವರೇ ಹಾಗೆ ಕೇಳಿ ಹಾಕಿಸುತ್ತಿದ್ದರು. ನಿಜವಾದ ಸದ್ದು ಬಿಟ್ಟರೆ ಬರೀ ಗಲಾಟೆ ಕೇಳುತ್ತದೆ ಎಂದು ಎಲ್ಲರ ಅಭಿಪ್ರಾಯ.

ನನ್ನ ಅಕ್ಕನ ಮದುವೆಯ ಡಿವಿಡಿಯೂ ಹಾಗೆಯೇ. ಮದುವೆ ನಡೆದದ್ದು ಕುದೇರಿನ ನಮ್ಮ ಮನೆಯ ಮುಂದೆ, ಚಪ್ಪರ ಹಾಕಿ. ಅದಾಗಿ ಎರಡು ವರ್ಷಕ್ಕೆ ಅವ್ವ ತೀರಿಕೊಂಡಳು. ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿಡುವ ಚಾಳಿ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಅವ್ವನ ಫೋಟೊಗಳಿವೆ, ಸೀರೆಗಳಿವೆ, ಬೈಗುಳಗಳು ಒಂದಕ್ಷರ ಬಿಡದೆ ನೆನಪಿವೆ. ಅವಳ ದನಿ ಮಾತ್ರ ನನ್ನ ತಲೆಯೊಳಗೆ ಸವೆಯುತ್ತಾ ಬಂದಿತ್ತು. “ನಾನೇ ನಿನ್ನ ಹೆತ್ತೋಳು ಅನ್ನಕ್ಕೂ ನಿಂಗೆ ರಸೀದಿ ಬೇಕು ಕಣ್ಲಾ” ಎಂದು ಅವಳು ಹಂಗಿಸುತ್ತಿದ್ದದ್ದು ಈಗಲೂ ಕೇಳುತ್ತದೆ, ಆದರೆ ನನ್ನದೇ ದನಿಯಲ್ಲಿ. ಇದು ಎಂಥ ಕಳವಳ ಎಂಬುದು ಅನುಭವಿಸಿದವರಿಗೇ ಗೊತ್ತು.

ನನ್ನ ನೆನಪು ಹೀಗಿದೆ. ಮದುವೆಯ ಹಿಂದಿನ ದಿನ, ಚಪ್ಪರದ ದಿನ, ನಡುಮನೆಯಲ್ಲಿ ಅಕ್ಕನಿಗೆ ಅರಿಶಿಣ ಹಚ್ಚುತ್ತಿದ್ದರು. ಹೊತ್ತು ಮುಳುಗಿತ್ತು. ಕರೆಂಟು ಹೋಯಿತು. ಆ ಕತ್ತಲೆಯಲ್ಲಿ ಎಲ್ಲರೂ ಸುಮ್ಮನಾದಾಗ ಅವ್ವ ಒಬ್ಬಳೇ ಸೋಬಾನೆ ಎತ್ತಿದಳು. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ, ಅವಳ ಬಳೆ ನನ್ನ ಮೊಣಕೈಗೆ ತಾಗುತ್ತಿತ್ತು.

ಚಾಮರಾಜನಗರದಲ್ಲಿರುವ ಅಕ್ಕ ಇದನ್ನು ಒಪ್ಪುವುದಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ನಮ್ಮಿಬ್ಬರಿಗೂ ಇದೇ ಜಗಳ. ಡಿವಿಡಿಯಲ್ಲಿ ಕತ್ತಲೆ ಎಲ್ಲಿದೆ ತೋರಿಸು ಎನ್ನುತ್ತಾಳೆ. ಕತ್ತಲೆ ಇಲ್ಲ. ಒಂದು ಕಡೆ ಅವ್ವನ ತುಟಿ ಆಡುವುದು ಕಣ್ಣುಮಿಟುಕಿಸುವಷ್ಟು ಹೊತ್ತು ಕಾಣುತ್ತದೆ, ಅದೂ ಮಸುಕು ಮಸುಕಾಗಿ. “ಕರೆಂಟೂ ಓಗಿರ್ನಿಲ್ಲ, ಅವ್ವ ಹಾಡೂ ಇರ್ನಿಲ್ಲ. ಎಲಡ್ಕೆ ಅಗೀತಾವ್ಳೆ ಅಷ್ಟೇಯ. ಮೂರ್ ದಿನ ಅಡುಗೆಯೋರ ಮ್ಯಾಲೆ ಕೂಗಿ ಕೂಗಿ ಅವ್ವಂಗೆ ಗಂಟ್ಲೇ ಕಟ್ಕೊಂಡಿತ್ತು. ಹಾಡಿದ್ದು ದೊಡ್ಡವ್ವ” ಎಂದು ಅಕ್ಕ ತೀರ್ಪು ಕೊಟ್ಟುಬಿಡುತ್ತಾಳೆ. ದೊಡ್ಡವ್ವ, ಅಂದರೆ ಮಾದೇವಣ್ಣನ ತಾಯಿ, ಸೋಬಾನೆಗೆ ಹೆಸರಾದವರು. ಈಗ ಅವರೂ ಇಲ್ಲ. ಅಕ್ಕನ ವಾದ ಗಟ್ಟಿಯಾಗಿತ್ತು. ಮದುವಣಗಿತ್ತಿಯಾಗಿ ನಡುವೆ ಕುಳಿತಿದ್ದವಳು ಅವಳೇ. ನನಗೆ ನನ್ನ ಮೇಲೆಯೇ ಅನುಮಾನ ಹತ್ತಿತು.

ಡಿವಿಡಿ ಎಂದರೆ ಸೋಸಿದ ಮೇಲಿನ ನೀರು, ತೆಗೆದದ್ದೆಲ್ಲ ಮೂಲ ಟೇಪಿನಲ್ಲಿ ಇರಬೇಕಲ್ಲ ಎಂದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಇತಿಹಾಸ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಇರಲಿ. ಅತ್ತಿಗೆಗೆ ಫೋನು ಮಾಡಿದೆ. ಒಂದು ಮದುವೆ ಮುಗಿದರೆ ಅದರ ಟೇಪಿನ ಮೇಲೆಯೇ ಇನ್ನೊಂದು ಮದುವೆ ತೆಗೆಯುವುದು ಆ ಕಸುಬಿನಲ್ಲಿ ವಾಡಿಕೆ ಎಂದು ಅವರೇ ಹೇಳಿದರು. ಆಮೇಲೆ, ಯಾವ ದಿನದ ಟೇಪು ಬೇಕಾಗಿತ್ತು ಎಂದು ಕೇಳಿದರು. ಚಪ್ಪರದ ದಿನದ್ದು ಎಂದೆ.

“ಅಂಗಾದ್ರೆ ಬಾ. ಚಪ್ರದ ದಿನದ್ದ ನಾನು ಅಳ್ಸಲ್ಲ ಕಣಪ್ಪ. ಮೂರ್ತದ ದಿನ ಎಲ್ಲಾರ್ ಮನೇದೂ ಒಂದೇಯ, ಸ್ಟೇಜು, ಕೈ ಕುಲುಕದು, ಫೋಟೊ. ಮನೆ ಅನ್ನೋದು ಕಾಣಾದು ಚಪ್ರದ ದಿನ್ವೇಯ.”

ಗುಂಡ್ಲುಪೇಟೆಗೆ ತೆರಕಣಾಂಬಿ ದಾರಿಯ ಬಸ್ಸು ಹಿಡಿದೆ. ಚೆಂಡುಹೂವಿನ ಹೊಲಗಳ ಬದುವಿನಲ್ಲಿ ಕೇರಳದ ಕಾರುಗಳು ನಿಂತಿದ್ದವು, ಹೂವಿನ ನಡುವೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ದೂರದ ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದಲ್ಲಿತ್ತು. ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುವ ಜಾತಿಯವನು ನಾನು. ಅಂದು ಊರ ಹೊರಗಿನ ಪೆಟ್ರೋಲ್ ಬಂಕು ಕಂಡಾಗಲೇ ಎದ್ದುಬಿಟ್ಟೆ.

ಅತ್ತಿಗೆಯ ಮನೆಯ ಮೂಲೆಯ ಕೋಣೆಯಲ್ಲಿ ಹಳೆಯ ದೊಡ್ಡ ಕಂಪ್ಯೂಟರೊಂದು ಸೀರೆಯ ತುಂಡು ಹೊದ್ದು ಕುಳಿತಿತ್ತು. ಆ ಕ್ಯಾಮೆರಾದ ಕೇಬಲ್ಲು ಹೋಗುವ ಕಿಂಡಿ ಈಗಿನ ಯಂತ್ರಗಳಲ್ಲಿ ಇಲ್ಲವಂತೆ. ಹಾಗಾಗಿ ಇಂಥದೊಂದಕ್ಕೆಂದೇ ಅದನ್ನು ಉಳಿಸಿದ್ದರು. ಪಕ್ಕದಲ್ಲಿ ಒಂದು ತಗಡಿನ ಟ್ರಂಕು. ಅದರ ಮುಚ್ಚಳ ತೆಗೆದಾಗ ಬೇವಿನ ಸೊಪ್ಪಿನ ಘಾಟು ಹೊಡೆಯಿತು. ಒಳಗೆ ಸಾಲು ಸಾಲು ಚಪ್ಪರದ ದಿನಗಳು: ಉಮ್ಮತ್ತೂರಿನದು, ಕುದೇರಿನದು, ಇನ್ನೂ ಯಾವ್ಯಾವುದೋ ಊರಿನದು. ಯಾರೂ ಕೇಳಿಕೊಂಡು ಬಂದಿರಲಿಲ್ಲ. ಹೊಸ ಟೇಪು ತರಬೇಕಾಗುತ್ತದೆಂದು ಮಾದೇವಣ್ಣ ಗೊಣಗುತ್ತಿದ್ದನಂತೆ. ಗೊಣಗಿದರೆ ಗೊಣಗಲಿ ಎಂದು ಅತ್ತಿಗೆ ಪ್ರತಿ ವರ್ಷ ಸೊಪ್ಪು ಬದಲಾಯಿಸುತ್ತಾ ಬಂದಿದ್ದರು. ಪದವಿ ಪಡೆದವರು ಪತ್ರಾಗಾರ ಎಂದು ಕರೆಯುವುದನ್ನು ಅವರು ಟ್ರಂಕು ಎಂದು ಕರೆಯುತ್ತಿದ್ದರು, ಅಷ್ಟೇ ವ್ಯತ್ಯಾಸ.

ಟೇಪನ್ನು ಹಿಂದಕ್ಕೂ ಮುಂದಕ್ಕೂ ಒಮ್ಮೆ ಪೂರ್ತಿ ಓಡಿಸಿ ಸಡಿಲ ಮಾಡಿದರು. ಆಮೇಲೆ ಒಳಮನೆಗೆ ಕೇಳುವಂತೆ, ಟೇಪು ಓಡುತ್ತದೆ, ಯಾರೂ ಮಿಕ್ಸಿ ಹಾಕಬೇಡಿ ಎಂದು ಸಾರಿದರು. ಮಿಕ್ಸಿ ಹಾಕಿದರೆ ವೋಲ್ಟೇಜು ಇಳಿದು ಕಂಪ್ಯೂಟರು ಕಣ್ಣು ಮುಚ್ಚುತ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕು. ಮದುವೆಯ ಕಾಲದಲ್ಲಿ ಆ ಮನೆಯಲ್ಲಿ ತಿಂಗಳುಗಟ್ಟಲೆ ಒರಳುಕಲ್ಲಿನ ಚಟ್ನಿಯೇ. ಚಟ್ನಿಯ ರುಚಿ ನೋಡಿ ಊರಲ್ಲಿ ಮದುವೆ ಸುಗ್ಗಿ ಹೇಗಿದೆ ಎಂದು ಹೇಳಬಹುದಿತ್ತು ಎಂದು ಮಾದೇವಣ್ಣ ಈಗಲೂ ನೆನೆಯುತ್ತಾನೆ.

ಟೇಪು ಇಳಿಸುವುದು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಗುಂಡಿ ಒತ್ತಿದರೆ ಆಯಿತು, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಬಂದಿರುತ್ತದೆ ಎಂದುಕೊಂಡಿದ್ದೆ. ಅತ್ತಿಗೆ ನಕ್ಕರು.

“ಕುಂತ್ಕ. ಇದು ಗಂಟೆ ಟೇಪು, ಗಂಟೇನೆ ಓಡದು. ನಿಂಗವಸ್ರ ಅಂತ ಅದೇನ್ ಬಿರ್ನೆ ಓಡಾದಾ? ಈಗಾದ್ರೆ ಕಾರ್ಡಿಂದ ಸುರ್ಕಂಡ್ಬುಡದು. ಆಗ ಹಸ ಕರ್ದಂಗೆ ಕುಂತು ಕರ್ಕಬೇಕಿತ್ತು.”

ಅವರು ನಿಜಕ್ಕೂ ಹಸುವಿನ ಪಕ್ಕ ಕುಳಿತಂತೆ ಕುಳಿತರು, ಬೆನ್ನು ನೆಟ್ಟಗೆ, ಕಿವಿಗೆ ಹೆಡ್‌ಫೋನು, ಕಣ್ಣು ಪರದೆಯ ಮೂಲೆಯಲ್ಲಿ ಓಡುವ ಅಂಕಿಗಳ ಮೇಲೆ. ಟೇಪು ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ಹರಿದುಹೋಗುತ್ತದೆ. ಊರಿನ ಎಷ್ಟೋ ಮದುವೆಗಳನ್ನು ಅವರು ಹೀಗೆ, ಅವು ನಡೆದಷ್ಟೇ ಹೊತ್ತು, ಇನ್ನೊಮ್ಮೆ ಕುಳಿತು ನೋಡಿದ್ದರು. ಮದುಮಕ್ಕಳೂ ತಮ್ಮ ಮದುವೆಯನ್ನು ಅಷ್ಟು ಗಮನವಿಟ್ಟು ನೋಡಿರಲಾರರು. ಪುಸ್ತಕದ ಕೊನೆಯ ಪುಟ ಮೊದಲು ಓದುವ ನಾನು ಆ ಕುರ್ಚಿಯ ಮೇಲೆ ಸುಮ್ಮನೆ ಕುಳಿತದ್ದು ಅತ್ತಿಗೆಯ ಮೇಲಿನ ಗೌರವದಿಂದ, ಸ್ವಲ್ಪ ಭಯದಿಂದಲೂ.

ಪರದೆಯ ಮೇಲೆ ನಮ್ಮ ನಡುಮನೆ ಬಂತು. ಡಿವಿಡಿಯ ಮಸುಕಲ್ಲ, ಅಕ್ಕನ ಕೆನ್ನೆಯ ಮೇಲಿನ ಅರಿಶಿಣದ ಬಿರುಕು ಕೂಡ ಎಣಿಸುವಂತಿತ್ತು. ಕಂಬಕ್ಕೆ ಒರಗಿ ಅವ್ವ ಕುಳಿತಿದ್ದಳು. ಅವಳು ಹಸಿರು ಸೀರೆ ಉಟ್ಟಿದ್ದಳು, ಚೆನ್ನಾಗಿ ನೆನಪಿದೆ ಎಂದು ಅತ್ತಿಗೆ ಊಟಕ್ಕೆ ಕುಳಿತಾಗ ಹೇಳಿದ್ದರು. ಸೀರೆ ನೇರಳೆಯದಾಗಿತ್ತು. ನಾನು ಅವರ ಮುಖ ನೋಡಿದೆ. “ನೋಡು, ನನ್ನ ಮಾತೂ ನಂಬಬ್ಯಾಡ” ಎಂದರು ಅತ್ತಿಗೆ, ಒಂದಿಷ್ಟೂ ನಾಚದೆ.

ಅಷ್ಟರಲ್ಲಿ ಪರದೆ ಕಪ್ಪಾಯಿತು.

ಕರೆಂಟು ಹೋಯಿತೆಂದು ತಲೆ ಎತ್ತಿ ನೋಡಿದೆ. ಫ್ಯಾನು ತಿರುಗುತ್ತಲೇ ಇತ್ತು. ಹಾಗಾದರೆ ಟೇಪೇ ಹೋಯಿತು, ಇಷ್ಟು ವರ್ಷ ಬಾಳಿ ನನ್ನ ಕಣ್ಣೆದುರೇ ಹೋಯಿತು ಎಂದು ಎದ್ದು ನಿಂತೆ. ಅತ್ತಿಗೆ ನನ್ನ ತೋಳು ಹಿಡಿದು ಕೆಳಕ್ಕೆ ಎಳೆದರು.

“ಸುಮ್ನಿರು. ಸದ್ದದೆ.”

ಹೆಡ್‌ಫೋನು ತೆಗೆದು ನನ್ನ ಕಿವಿಗೆ ಇಟ್ಟರು. ಕರೆಂಟು ಹೋಗಿದ್ದು ಟೇಪಿನ ಒಳಗೆ. ದೀಪ ಆರಿದರೂ ಬ್ಯಾಟರಿಯ ಮೇಲಿದ್ದ ಕ್ಯಾಮೆರಾ ಓಡುತ್ತಲೇ ಇತ್ತು. ಕಪ್ಪಿನೊಳಗೆ ಹೆಂಗಸರ ಗುಜುಗುಜು, ಯಾರೋ ಬೆಂಕಿಪೊಟ್ಟಣ ಹುಡುಕುವುದು, ಮಗುವೊಂದರ ಅಳು. ಆಮೇಲೆ ಆ ಗುಜುಗುಜುವಿನ ಮೇಲೆ ಒಂದೇ ಒಂದು ದನಿ ಸೋಬಾನೆ ಎತ್ತಿತು. ಒರಟು ದನಿ, ಕಟ್ಟಿದ ಗಂಟಲು, ಮೇಲಕ್ಕೇರಲಾರದೆ ಅಲ್ಲಲ್ಲೇ ನಡೆಯುವ ದನಿ. ನನ್ನ ಮೈ ಜುಮ್ಮೆಂದಿತು. ಆದರೆ ಮೈ ಜುಮ್ಮೆನ್ನುವುದು ಸಾಕ್ಷಿಯಲ್ಲ.

ದೂರದಲ್ಲಿ, ಅಂಗಳದಿಂದ, ಜನರೇಟರ್ ಹಾಕ್ರೋ ಎಂದು ಒಬ್ಬ ಕಿರುಚುತ್ತಿದ್ದ. ಅವನು ಯಾರೆಂದು ತಿಳಿದಾಗ ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ನಾನು. ಅವ್ವನ ಪಕ್ಕದಲ್ಲಿ ಕುಳಿತಿರಲಿಲ್ಲ, ಅವಳ ಬಳೆ ನನ್ನ ಮೊಣಕೈಗೆ ತಾಗಿರಲಿಲ್ಲ. ಎಲ್ಲಿಯೋ ಕಿಟಕಿಯ ಆಚೆಯಿಂದ ಅರ್ಧಂಬರ್ಧ ಕೇಳಿದ್ದನ್ನು ಹಿಡಿದುಕೊಂಡು, ನೆನಪು ನನ್ನನ್ನು ಅಂಗಳದಿಂದ ಎತ್ತಿ ಒಳಗೆ ತಂದು ಅವಳ ಮಗ್ಗುಲಲ್ಲಿ ಕೂರಿಸಿತ್ತು. ಬಳೆಯನ್ನು ತಾನಾಗಿ ಸೇರಿಸಿತ್ತು.

ಅತ್ತಿಗೆ ಈ ಕತ್ತಲೆಯನ್ನು ಆಗ ಕತ್ತರಿಸಿ ಹಾಕಿದ್ದರು. ಏಕೆಂದು ಕೇಳಿದೆ. ಕತ್ತಲೆ ಹಾಕಿ ಕೊಟ್ಟರೆ ಡಿವಿಡಿ ಕೆಟ್ಟಿದೆ ಎಂದು ಜನ ಮನೆಯವರೆಗೂ ಬರುತ್ತಿದ್ದರು ಎಂದರು. ಹೇಗೂ ಸಿನಿಮಾ ಹಾಡೇ ತಾನೇ ಎಂದು ಆಗ ಸದ್ದು ಮುಚ್ಚಿ ಇಳಿಸುತ್ತಿದ್ದರಂತೆ. ಆದರೆ ಟೇಪನ್ನು ಮಾತ್ರ ಎಸೆದಿರಲಿಲ್ಲ. ಕತ್ತರಿಸುವವರು ತಾವು ಕತ್ತರಿಸಿದ್ದನ್ನು ಹೀಗೆ ಸೊಪ್ಪು ಹಾಕಿ ಕಾಯುವುದನ್ನು ನಾನು ಯಾವ ಇತಿಹಾಸಕಾರನಲ್ಲೂ ಕಂಡಿಲ್ಲ.

ಪರದೆ ಇನ್ನೂ ಕಪ್ಪಾಗಿರುವಾಗಲೇ ಹೆಡ್‌ಫೋನಿನ ತಂತಿ ಕಿತ್ತು, ಸದ್ದನ್ನು ಕೋಣೆಗೆಲ್ಲ ಬಿಟ್ಟು, ಫೋನಿನಲ್ಲಿ ಅಕ್ಕನಿಗೂ ಕೇಳಿಸಿದೆ. ಅವಳು ಕರೆಂಟು ಹೋಗಿದ್ದನ್ನು ಒಪ್ಪಿದಳು. ದನಿಯನ್ನು ಒಪ್ಪಲಿಲ್ಲ. ದೊಡ್ಡವ್ವನದೇ ಇರಬೇಕು ಎಂದಳು, ಆದರೆ ಈ ಸಲ ಅವಳ ಮಾತಿನಲ್ಲಿ ಗಟ್ಟಿತನವಿರಲಿಲ್ಲ. ಅವಳಿಗೂ ಅವ್ವನ ದನಿ ಸವೆದುಹೋಗಿದೆ ಎಂದು ನನಗೆ ಆಗ ಗೊತ್ತಾಯಿತು. ಜಗಳವಾಡುತ್ತಿದ್ದದ್ದು ಅದಕ್ಕೇ ಇರಬೇಕು. ನಾನು ಅತ್ತಿಗೆಯ ಕಡೆ ತಿರುಗಿ, ದೊಡ್ಡವ್ವ ನಿಮ್ಮ ಅತ್ತೆ, ನೀವೇ ಹೇಳಿ ಎಂದು ಅಂಗಲಾಚಿದೆ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರಿಗೆ ನನ್ನ ಆಸೆ ಕಾಣುತ್ತಿತ್ತು.

“ಕತ್ಲೇಲಿ ಕಾಣ್ದಿದ್ದ ಕಂಡೆ ಅಂದ್ರೆ ಸುಳ್ಳಾಯ್ತದೆ ಕಣಪ್ಪ” ಎಂದರು. “ಬೆಳ್ಕ್ ಬರಾಗಂಟ ನೋಡು.”

ನನ್ನ ಮೇಷ್ಟರುಗಳಿಗಿಂತ ಅತ್ತಿಗೆ ಹೆಚ್ಚು ತಿಳಿದವರು ಎಂದು ಹೇಳುತ್ತಿಲ್ಲ. ಮೇಷ್ಟರುಗಳು ಹೇಳಿದ್ದೂ ಇದನ್ನೇ. ಆದರೆ ಅವರು ಹೇಳಿದಾಗ ಅದು ನನ್ನನ್ನು ಒಂಟಿ ಮಾಡಿತ್ತು. ಅತ್ತಿಗೆ ಹೇಳಿದಾಗ ಯಾರೋ ಪಕ್ಕದಲ್ಲಿ ಕುಳಿತು ಕಾಯುತ್ತಿದ್ದಾರೆ ಅನ್ನಿಸಿತು. ನಾವು ಉಳಿದ ಟೇಪು ಮುಗಿಯುವವರೆಗೂ ಕಾದೆವು. ಬೆಳಕು ಬಂದ ಗಳಿಗೆ ಸರ್ರನೆ ಹೋಯಿತು, ಆ ಹಳೆಯ ಪರದೆಯಲ್ಲಿ ನನಗೆ ಏನೂ ಗಟ್ಟಿಯಾಗಿ ಹಿಡಿಯಲಿಲ್ಲ. ಅಡುಗೆಮನೆಯಲ್ಲಿ ಒರಳುಕಲ್ಲು ತಿರುಗುತ್ತಿತ್ತು.

ಇಳಿಸಿದ್ದನ್ನು ಅತ್ತಿಗೆ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು, ಮನೆಗೆ ಬಂದ ಮೇಲೆ ಆ ಜಾಗವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚಿತ್ರವಾಗಿ ಸರಿಸಿ ನೋಡಿದೆ. ಒಂದು ದಿನವಲ್ಲ, ಬೇರೆ ಬೇರೆ ದಿನ, ನನ್ನ ಆಸೆ ತಣಿದಿರುವಾಗಲೂ. ಆಮೇಲೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನೂ ಹೇಳದೆ ತೋರಿಸಿದೆ. ಕತ್ತಲೆಯಲ್ಲಿ ಎತ್ತಿದ ಹಾಡು ನಿಲ್ಲದೆಯೇ ಬೆಳಕಿಗೆ ದಾಟುತ್ತದೆ. ಆ ಮೊದಲ ಬೆಳಕಿನಲ್ಲಿ ದೊಡ್ಡವ್ವ ಬೆಂಕಿಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಬಾಯಿ ಮುಚ್ಚಿದೆ. ಉಳಿದವರ ಬಾಯಿಯೂ ಮುಚ್ಚಿದೆ. ‘ಸೋ’ ಎಂದು ದನಿ ಎಳೆಯುತ್ತಿರುವಾಗ, ಕಂಬಕ್ಕೆ ಒರಗಿದ ಅವ್ವನ ತುಟಿಗಳು ಮಾತ್ರ ದುಂಡಗೆ ತೆರೆದಿವೆ.