ರಾಣಿಯ ಗಲ್ಲ ಕೆಂಪಾದದ್ದು

ಇವತ್ತು ಬೆಳಿಗ್ಗೆ ಮೊಮ್ಮಗಳು ಕಡಲೆಹಿಟ್ಟಿಗೆ ನಿಂಬೆಹಣ್ಣು ಹಿಂಡಿ, ಮುಖಕ್ಕೆಲ್ಲ ಬಳಿದುಕೊಂಡು ಪಡಸಾಲೆಯಲ್ಲಿ ತುಟಿ ಬಿಗಿದು ಕೂತಿದ್ದಳು. ನಕ್ಕರೆ ಒಣಗಿದ ಹಿಟ್ಟು ಬಿರಿಯುತ್ತದಂತೆ. ಹತ್ತಿರ ಹೋದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗಲ್ಲ ತುರಿಸತೊಡಗಿತು. ಹಚ್ಚಿಕೊಂಡವಳು ಅವಳು, ಕೆರೆದುಕೊಂಡವನು ನಾನು. ಏನಾಯ್ತು ತಾತಾ ಎಂದು ಕಣ್ಣಲ್ಲೇ ಕೇಳಿದಳು. ಹೇಳಬೇಕೆಂದರೆ ನಾನು ರಾಣಿಯಾಗಿದ್ದ ಕಾಲಕ್ಕೆ ಹೋಗಬೇಕಿತ್ತು. ನಗಿಸಿ ಹಿಟ್ಟು ಕೆಡಿಸುವುದು ಬೇಡವೆಂದು ಸುಮ್ಮನಾದೆ. ನಿಮಗೆ ಹೇಳುತ್ತೇನೆ. ನಿಮ್ಮ ಮುಖಕ್ಕೇನೂ ಹಚ್ಚಿಕೊಂಡಿಲ್ಲ ಎಂದು ನಂಬಿದ್ದೇನೆ.

ಮಸ್ಕಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ನಿಜಾಮನ ಆಡಳಿತ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಗಲಾಟೆಯ ದಿನಗಳಲ್ಲಿ ನಿಂತುಹೋಗಿದ್ದ ನಾಟಕಗಳು ಮತ್ತೆ ಚಿಗುರುತ್ತಿದ್ದವು. ನಮ್ಮ ಶಾಲೆಯ ಮಾಸ್ತರರು ತಾವೇ ಒಂದು ನಾಟಕ ಬರೆದರು. ಯಾರದೋ ಚಾಡಿ ಕೇಳಿ ರಾಜ ತನ್ನ ರಾಣಿಯನ್ನು ಅಡವಿಗೆ ಕಳಿಸುತ್ತಾನೆ, ಕೊನೆಯಲ್ಲಿ ಆಕೆ ತಿರುಗಿ ಬರುತ್ತಾಳೆ. ಅದನ್ನು ಲಿಂಗಸುಗೂರಿನಲ್ಲಿ ಆಡಬೇಕು, ನಮ್ಮೂರ ಹೆಸರು ಅಲ್ಲಿ ಕೇಳಿಸಬೇಕು ಎಂದು ಅವರ ಹಟ. ನಮ್ಮೂರಲ್ಲಿ ಹೆಂಗಸರು ರಂಗಕ್ಕೆ ಬರುವ ಕಾಲವಲ್ಲ. ಮೀಸೆ ಮೂಡದ ರಾಣಿಯೊಬ್ಬಳು ಬೇಕಾಗಿದ್ದಳು. ನನಗೆ ಆಗ ಹದಿನೇಳು. ಮುಖವೆಂದರೆ ಕಾಯಿಸಿದ ಹಾಲಿನ ಮೇಲಿನ ಕೆನೆ, ಊದಿದರೆ ಸುಕ್ಕು ಬೀಳುವಂಥದ್ದು. ಮಾಸ್ತರರು ಕೆನೆಯನ್ನಷ್ಟೇ ನೋಡಿದರು.

ಮೊದಲ ಸಲ ಬಣ್ಣ ಹಚ್ಚಿದ ದಿನವೇ ಗತಿ ಕೆಟ್ಟಿತು. ಆಗ ನಾಟಕದವರು ಅರದಾಳವೆಂಬ ಹಳದಿ ಕಲ್ಲನ್ನು ತೇಯ್ದು ಮುಖಕ್ಕೆ ಬಳಿಯುತ್ತಿದ್ದರು, ದೀಪದ ಬೆಳಕಿಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ನಾನೂ ಹೊಳೆದೆ. ಸ್ವಲ್ಪ ಹೊತ್ತಿಗೆ ಉರಿ ಹತ್ತಿತು. ಮರುದಿನ ಎದ್ದಾಗ ಎಡಗಣ್ಣು ತೆರೆಯಲಿಲ್ಲ, ಗಲ್ಲ ತೊಂಡೆಹಣ್ಣಾಗಿತ್ತು.

ಅಜ್ಜಿ ಔಷಧಕ್ಕೆ ನಿಂತಳು. ನಮ್ಮ ಅಜ್ಜಿಯ ಹತ್ತಿರ ಇಲ್ಲದ ಮದ್ದಿಲ್ಲ. ಮೊದಲು ಹಸಿ ಅರಿಷಿಣ ಅರೆದು ಹಚ್ಚಿದಳು. ಅದರ ಉರಿಗೆ ಬೇವಿನ ಎಲೆ, ಬೇವಿನ ಒರಟಿಗೆ ಹಾಲಿನ ಕೆನೆ, ಕೆನೆಯ ಜಿಡ್ಡು ತೆಗೆಯಲು ಕಡಲೆಹಿಟ್ಟು ನಿಂಬೆರಸ. ನಾನು ದಿನಕ್ಕೊಂದು ಬಣ್ಣದವನಾಗಿ ತಿರುಗಿದೆ. ಗಿರಾಕಿಗಳು ಬೆದರುತ್ತಾರೆಂದು ಅಪ್ಪ ನನ್ನನ್ನು ಜೋಳದ ಚೀಲಗಳ ಹಿಂದೆ ಕೂಡಿಸಿದ. ಅಲ್ಲಿಂದಲೇ ನಾನು ಮಾತು ಬಾಯಿಪಾಠ ಮಾಡುತ್ತಿದ್ದೆ. ಉಪ್ಪು ಕೊಳ್ಳಲು ಬಂದವರಿಗೆ ಚೀಲಗಳ ನಡುವಿನಿಂದ ರಾಣಿ ಅಳುವುದು ಕೇಳಿಸುತ್ತಿತ್ತು.

ಕೊನೆಗೆ ಲಿಂಗಸುಗೂರಿನ ಒಬ್ಬ ಹಕೀಮರ ಹತ್ತಿರ ಕರೆದೊಯ್ದರು. ಬಿಳಿಗಡ್ಡದ ಸಮಾಧಾನದ ಮನುಷ್ಯ. ಬಹಳ ಹೊತ್ತು ನಾಡಿ ಹಿಡಿದು, ರಕ್ತದಲ್ಲಿ ಗರ್ಮಿ, ಅಂದರೆ ಉಷ್ಣ, ಹೆಚ್ಚಾಗಿದೆ ಎಂದರು. ಬದನೆಕಾಯಿ, ಶೇಂಗಾ, ಬೆಳ್ಳುಳ್ಳಿ, ಬೆಲ್ಲ, ಉಪ್ಪಿನಕಾಯಿ, ಕರಿದದ್ದು, ಎಲ್ಲ ಬಂದ್. ನಮ್ಮ ಮನೆಯಲ್ಲಿ ಇವಿಷ್ಟು ಬಿಟ್ಟರೆ ಉಳಿಯುವುದು ಖಾಲಿ ತಾಟು. ಬರುವಾಗ ಅಪ್ಪ ಅತ್ತ ತಿರುಗಿದ ಹೊತ್ತಿನಲ್ಲಿ ನಾಲ್ಕು ಮಿರ್ಚಿ ಭಜಿ ತಿಂದೆ. ಇನ್ನು ಸಿಗುವುದಿಲ್ಲವಲ್ಲ ಎಂಬ ದುಃಖಕ್ಕೆ.

ಆ ಭಜಿಯ ಗುಟ್ಟು ಹಿಡಿದವಳು ನನ್ನ ಅತ್ತಿಗೆ ನೀಲಮ್ಮ. ಹಿಂದಿನ ವರ್ಷವಷ್ಟೇ ಅಣ್ಣನನ್ನು ಮದುವೆಯಾಗಿ ಬಳಗಾನೂರಿನಿಂದ ಬಂದವಳು, ನನಗಿಂತ ಎರಡು ವರ್ಷ ದೊಡ್ಡವಳು. ಹಿರಿಯರ ಮುಂದೆ ದನಿಯೆತ್ತುತ್ತಿರಲಿಲ್ಲ, ಅಡುಗೆಮನೆಯ ಬಾಗಿಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಅಂಗಿ ಒಗೆಯುವಾಗ ತೋಳಿನ ಎಣ್ಣೆ ಕಲೆ ಕಂಡು, ಮರುದಿನ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ಭಜಿ ತಿಂದಿ, ಮುಖಕ್ಕ ಹೊಸಾದೇನೂ ಆಗಿಲ್ಲ,” ಎಂದಳು. “ಎಲ್ಲಾ ಒಮ್ಮಿಗೇ ಹಚ್ಚಿ, ಎಲ್ಲಾ ಒಮ್ಮಿಗೇ ಬಿಟ್ರ, ಯಾವುದು ಆಗಿ ಬರಂಗಿಲ್ಲ ಅಂತ ಹೆಂಗ ಗೊತ್ತಾಗಬೇಕು? ಒಂದೊಂದೇ ನೋಡೂಣು.”

ನಾಟಕಕ್ಕೆ ಇನ್ನೂ ಒಂದು ತಿಂಗಳಿತ್ತು. ಮೊದಲ ನಾಲ್ಕು ದಿನ ಮುಖಕ್ಕೆ ಬರೀ ತಣ್ಣೀರು, ಹೊಟ್ಟೆಗೆ ರೊಟ್ಟಿ, ಹೆಸರುಬೇಳೆ, ಮಜ್ಜಿಗೆ. ಕೆಂಪು ಇಳಿಯಿತು. ಆಮೇಲೆ ನನ್ನ ಮೊಣಕೈ ಒಳಮೈಯಲ್ಲಿ ಸಾಸಿವೆಯಷ್ಟು ಅರಿಷಿಣ, ಅದರಾಚೆ ಬೇವು, ಅದರಾಚೆ ನಿಂಬೆರಸದ ಹಿಟ್ಟು, ತುದಿಗೆ ಅರದಾಳ ಇಟ್ಟು, ಒಂದೊಂದರ ಸುತ್ತ ಇದ್ದಿಲಿನಿಂದ ಗೆರೆ ಎಳೆದಳು. ಮರುದಿನ ಬೇವು ಸುಮ್ಮನಿತ್ತು. ಅರಿಷಿಣ ತುಸು ತುರಿಸಿತು. ನಿಂಬೆ ಕೆಂಪಗೆ ಉರಿಯಿತು. ಅರದಾಳ ಗುಳ್ಳೆಯೆದ್ದಿತ್ತು. ಅಜ್ಜಿ ಇದನ್ನೆಲ್ಲ ನೋಡಿ, ಸೊಸೆ ಹುಡುಗನ ಕೈಮೇಲೆ ಹೊಲ ಗುರುತು ಮಾಡಿದ್ದಾಳೆ ಎಂದು ಗೊಣಗಿದಳು.

ಊಟದ ಪರೀಕ್ಷೆ ಇನ್ನೂ ಸೊಗಸು. ಎರಡು ದಿನಕ್ಕೊಂದು ಪದಾರ್ಥ ನನ್ನ ತಾಟಿಗೆ ವಾಪಸಾಯಿತು. ಶೇಂಗಾ ಚಟ್ನಿ ಬಂದ ದಿನ ನಾನು ಕುಣಿಯುವುದೊಂದು ಬಾಕಿ. ಬೆಳ್ಳುಳ್ಳಿ ಬಂತು, ಬೆಲ್ಲ ಬಂತು, ಮುಖ ತಣ್ಣಗಿತ್ತು. ಹಕೀಮರ ಪಟ್ಟಿಯ ಕೊನೆಗೆ ಉಳಿದದ್ದು ಬದನೆಕಾಯಿ. ಅಜ್ಜಿಯ ಎಣ್ಣೆಗಾಯಿಗೆ ಓಣಿಯಲ್ಲೇ ಹೆಸರು. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ತುಟಿ ಜುಮ್ಮೆಂದಿತು, ತಾಟು ಬರಿದಾಗುವ ಮೊದಲೇ ಗಲ್ಲ ಕೆಂಪೇರಿತು. ಅತ್ತಿಗೆ ತಾಟು ಎಳೆದುಕೊಂಡಳು. ಅವಳ ಮುಖದಲ್ಲಿ ಕಳ್ಳನನ್ನು ಹಿಡಿದ ಸಂತೋಷ. ಅಜ್ಜಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ, ತಪ್ಪು ತನ್ನ ಕೈಯದಲ್ಲ, ಗಿಡದ್ದು ಎಂದು ತೀರ್ಪು ಕೊಟ್ಟು ರಾಜಿಯಾದಳು.

ಇನ್ನು ಅರದಾಳದ ಬದಲಿಗೆ ಬಣ್ಣವೊಂದು ಬೇಕಲ್ಲ. ಅತ್ತಿಗೆ ತಾಮ್ರದ ತಟ್ಟೆಯಲ್ಲಿ ತುಪ್ಪ ಹಾಕಿ, ನೀರು ಬೆರೆಸುತ್ತ ಚೆಲ್ಲುತ್ತ ಅಂಗೈಯಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಬೆಣ್ಣೆಯ ಹಾಗೆ ಮಾಡಿದಳು. ಅದಕ್ಕೆ ನುಣ್ಣಗೆ ಸೋಸಿದ ಅಕ್ಕಿಹಿಟ್ಟು, ಗೋಡೆಗೆ ಬಳಿಯುವ ಕೆಮ್ಮಣ್ಣು ಒಂದು ಚಿಟಿಕೆ. ಮೊದಲು ಮೊಣಕೈಗೆ, ಆಮೇಲೆ ಒಂದೇ ಗಲ್ಲಕ್ಕೆ, ಆಮೇಲೆ ಎರಡಕ್ಕೂ. ಏನೂ ಆಗಲಿಲ್ಲ. ಮಾಸ್ತರರು, ಅರದಾಳವಿಲ್ಲದ ರಾಣಿ ಹೊಳೆಯುವುದಿಲ್ಲ ಎಂದು ವಾದಿಸಲು ಬಂದವರು, ನನ್ನ ಸುತ್ತ ಒಂದು ಸುತ್ತು ಹಾಕಿ ನೋಡಿದರು. ಹೋಗುವಾಗ, ರಾಜನಿಗೂ ಸ್ವಲ್ಪ ಸಿಗುತ್ತದೆಯೇ ಎಂದು ಕೇಳಿದರು.

ಹೊರಡುವ ಎರಡು ದಿನ ಮೊದಲು ಅತ್ತಿಗೆ ತಟ್ಟೆ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು, “ನಾ ಹುಟ್ಟಿದಾಗಿಂದ ಒಂದೂ ನಾಟಕ ನೋಡಿಲ್ಲ.”

ನಮ್ಮ ಮನೆಯ ಸೊಸೆಯಂದಿರು ನಾಟಕಕ್ಕೆ ಹೋದದ್ದಿಲ್ಲ. ನಾನು ಅಪ್ಪನ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ ಅಭಿನಯ ಮಾಡಿದೆ. ಅತ್ತಿಗೆ ಜೊತೆಗಿರದಿದ್ದರೆ ಬಣ್ಣ ಹದವಾಗುವುದಿಲ್ಲ, ನಡುವೆ ಮುಖ ಊದಿದರೆ ನೋಡುವವರಿಲ್ಲ, ಲಿಂಗಸುಗೂರಿನವರ ಮುಂದೆ ಮಸ್ಕಿಯ ಮಾನ ಹೋಗುತ್ತದೆ ಎಂದೆ. ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಎಲೆ ಅಡಿಕೆ ಜಗಿಯುತ್ತ, “ಹಂಗಾದ್ರ ನಾನೂ ಬರ್ತೀನಿ, ಆಕಿ ಜೋಡಿ ಯಾರರ ಬೇಕಲ್ಲ,” ಎಂದಳು. ಅಜ್ಜಿಗೂ ಆಸೆಯಿತ್ತೆಂದು ನಮಗೆ ಆಗಲೇ ಗೊತ್ತಾದದ್ದು.

ಲಿಂಗಸುಗೂರಿನಲ್ಲಿ ಸಂಜೆಗೆ ಆಟ ಶುರುವಾಯಿತು. ಅತ್ತಿಗೆ ಪಕ್ಕದ ಪರದೆಯ ಮರೆಯಲ್ಲಿ, ನೀರಿನ ಬಟ್ಟಲು ಹಿಡಿದು ಕೂತಳು. ನಾನು ಅವಳ ಮದುವೆಯ ಸೀರೆ ಉಟ್ಟಿದ್ದೆ. ಅಡವಿಗೆ ಹೊರಟಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ರಾಜನಿಗೆ ಕೇಳಿಸುವ ಹಾಗೆ ಶಾಪ ಹಾಕಿದಳು. ಎಷ್ಟು ಸಲ ಪರದೆಯ ಕಡೆ ನೋಡಿದರೂ ಅತ್ತಿಗೆಯ ಕಣ್ಣು ನನ್ನ ಮೇಲೆಯೇ, ರೆಪ್ಪೆ ಬಡಿಯುತ್ತಿರಲಿಲ್ಲ. ನನ್ನ ಅಭಿನಯಕ್ಕೆ ಮರುಳಾಗಿದ್ದಾಳೆಂದು ಉಬ್ಬಿದೆ. ಅವಳ ಸಲುವಾಗಿಯೇ ಒಂದು ಕಡೆ, ಮಾಸ್ತರರು ಬರೆಯದಿದ್ದರೂ, ಮೂರ್ಛೆ ಹೋದೆ. ಚಪ್ಪಾಳೆಯೋ ಚಪ್ಪಾಳೆ. ಎತ್ತಿನ ಚಕ್ಕಡಿಯಲ್ಲಿ ಊರಿಗೆ ಬರುವಾಗ ಅವಳು ಮಾತಿಲ್ಲದೆ ನಿದ್ದೆ ಹೋದಳು. ಭಾವ ತುಂಬಿ ಬಂದಿದೆ ಎಂದುಕೊಂಡೆ.

ಇಲ್ಲಿಯವರೆಗೆ ಬರೆದು ಮುಗಿಯಿತೆಂದುಕೊಂಡಿದ್ದೆ. ಆದರೆ ಆ ನಾಟಕ ಹೇಗಿತ್ತು ಎಂದು ನಾನು ಅವಳನ್ನು ಒಮ್ಮೆಯೂ ಕೇಳಿಲ್ಲವಲ್ಲ ಎಂಬುದು ಹೊಳೆದು, ಕೂರಲಾಗಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಸಿಂಧನೂರಿಗೆ ಹೋದೆ. ಅತ್ತಿಗೆ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೊರಸಿನ ಮಂಚದ ಮೇಲೆ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದಳು. ಕೇಳಿದೆ.

ಅವಳು ನಗಲಿಕ್ಕೆ ಶುರುಮಾಡಿ ನಿಲ್ಲಿಸಲೇ ಇಲ್ಲ. “ನಾಟಕಾ ಎಲ್ಲಿ ನೋಡಿನೋ ಮಾರಾಯಾ. ಎಲ್ಲಿ ಕೆಂಪಾಗ್ತದೋ ಅಂತ ನಿನ್ನ ಗಲ್ಲಾ ಒಂದೇ ನೋಡಿದೆ. ನೀ ಬಿದ್ದಾಗಂತೂ ಮೈಗೆಲ್ಲಾ ಏರೈತಿ ಅಂತ ನೀರು ಹಿಡಕೊಂಡು ಓಡಿ ಬರೂದೊಂದು ಬಾಕಿ ಇತ್ತು. ಕಥಿ ಏನಂತ ಇವತ್ತಿಗೂ ಗೊತ್ತಿಲ್ಲ ನನಗ.”

ನಾನು ಎದ್ದು, ಹೆಗಲ ಮೇಲಿನ ಟವೆಲನ್ನು ತಲೆಗೆ ಸೆರಗು ಮಾಡಿಕೊಂಡೆ. ಸೊಂಟ ಬಗ್ಗಲಿಲ್ಲ, ಹಲ್ಲಿಲ್ಲದ ಬಾಯಿಂದ ಮಾತು ಜಾರುತ್ತಿತ್ತು. ಅತ್ತಿಗೆ ಸೊಪ್ಪು ಪಕ್ಕಕ್ಕೆ ಸರಿಸಿ, ಕಾಲು ಮಡಿಚಿ ಕೂತಳು. ಚಾಡಿಯ ಮಾತಿಗೆ ರಾಜ ಕಿವಿಗೊಟ್ಟಾಗ ಬೈದಳು, ಮುಂದ ಏನಾತು ಎಂದು ಅವಸರಿಸಿದಳು. ಆಕೆಯ ಮಗಳು ಬಾಗಿಲಿಗೆ ಬಂದು, ಮಸ್ಕಿಯ ಕೊನೆಯ ಬಸ್ಸು ಹೋಯಿತು ಎಂದು ಹೇಳಿದಾಗ ರಾಣಿ ಇನ್ನೂ ಅಡವಿಯಲ್ಲೇ ಇದ್ದಳು.